ಮಾರ್ತವ್ವನ ಖಾಲಿ ಗಡಿಗೆ

ಅಳವಂಡಿ, ೧ ಆಗಸ್ಟ್ ೧೯೪೩, ರವಿವಾರ

ನಮ್ಮ ಚರ್ಚಿನ ಸಭಾಪಾಲಕ ದಾನಿಯೇಲಪ್ಪನವರ ಮುಖ ನೆನೆದರೆ ಈಗಲೂ ಹೇಸಿಗೆಯಾಗುತ್ತದೆ. ನಮ್ಮ ಹೆಂಗಸರು ರೊಟ್ಟಿ ಬಡಿಯುವ ಮುಂಚೆ ದೇವರ ಹೆಸರಿನಲ್ಲಿ ಒಂದು ಹಿಡಿ ಜೋಳದ ಹಿಟ್ಟನ್ನು ಗಡಿಗೆಗೆ ಹಾಕಿಟ್ಟು ರವಿವಾರ ಪ್ರಾರ್ಥನೆಗೆ ತರುತ್ತಾರೆ. ಅದು ಸೇರುವುದು ಇವರ ಅಡಿಗೆಮನೆಯನ್ನು. ಇವರ ಎಮ್ಮೆಯೂ ಅದನ್ನೇ ತಿಂದು ಕೊಬ್ಬಿದೆ.

ಇಂದು ಮಾರ್ತವ್ವನ ಗಡಿಗೆ ಖಾಲಿ ಇತ್ತು.

"ದೇವರ ಹಿಟ್ಟು ಎಲ್ಲೈತಿ?" ಎಂದು ಎಲ್ಲರೆದುರು ಕೇಳಿದರು.

"ಬಾಜೂಮನಿ ದುರುಗವ್ವ ಜ್ವರದಾಗ ಬಿದ್ದಾಳ್ರಿ ಅಯ್ಯಾರ. ಅಕಿ ಹುಡುಗರಿಗೆ ರೊಟ್ಟಿ ಮಾಡಿ ಕೊಟ್ಟೆನ್ರಿ."

"ವಿಗ್ರಹ ಪೂಜಿ ಮಾಡಾಕಿ ಹುಡುಗರಿಗೆ? ಇವತ್ತು ಪ್ರಭುವಿನ ಭೋಜನಕ್ಕ ನೀ ಕೂಡಬ್ಯಾಡ."

"ಹಸದ ಹುಡುಗರಿಗೆ ನಿಮ್ಮ ದೇವರು ಯಾರು ಅಂತ ಕೇಳೂದು ಮರತೆನ್ರಿ" ಎಂದು ಆಕೆ ಎದ್ದು ಬಾಗಿಲ ಹೊರಗೆ ಹೋಗಿ ಕುಳಿತಳು. ಪ್ರಭುವಿನ ನೆನಪಿಗೆ ರೊಟ್ಟಿ ಮುರಿದು ಹಂಚುವ, ಮೂರು ತಿಂಗಳಿಗೊಮ್ಮೆ ಬರುವ ಭೋಜನಕ್ಕೆಂದು ಒಗೆದ ಸೀರೆ ಉಟ್ಟು ಬಂದಿದ್ದಳು.

ಬಿ.ಎ. ಓದಿದ ನಾನು ನೆಲ ನೋಡುತ್ತ ಕುಳಿತಿದ್ದೆ. ರೊಟ್ಟಿಯ ತುಣುಕು ಬಂದಾಗ ಕೈ ಚಾಚಿ ತೆಗೆದುಕೊಂಡು ನುಂಗಿದೆ. ದಾನಿಯೇಲಪ್ಪನವರಿಗಿಂತ ನಾನೇನು ಮೇಲು?

ಸಂಜೆ ಆಕೆಯ ಮನೆ ಮುಂದೆ ಹಾದು ಬರುವಾಗ ನೋಡಿದೆ. ಒಲೆಯ ಮುಂದೆ ಕುಳಿತು ಅದೇ ಗಡಿಗೆಗೆ ಮತ್ತೆ ಒಂದು ಹಿಡಿ ಹಿಟ್ಟು ಹಾಕುತ್ತಿದ್ದಳು.

"ಮತ್ತ ಅಯ್ಯಾರಿಗೇ ಏನಬೇ?" ಎಂದೆ.

"ದುರುಗವ್ವನ ಜ್ವರ ಇನ್ನಾ ಬಿಟ್ಟಿಲ್ಲ ತಮ್ಮಾ."