ಹೆಂಡತಿಯ ಹಿಂದೆ ನಡೆದ ಭಾನುವಾರ

ಬೀದರ
ಬುಧವಾರ, 11 ಡಿಸೆಂಬರ್ 2024

ನನ್ನ ಅಣ್ಣನ ಮಗಳು, ನಮ್ಮ ಮನೆತನದಿಂದ ಧಾರವಾಡದ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲ ಹುಡುಗಿ ಆಮ್ರಪಾಲಿಗೆ, ನಿನ್ನ ದತ್ತಾತ್ರಿ ಕಾಕಾನ ಜೈಭೀಮ್.

ಮೊದಲೇ ಹೇಳಿಬಿಡುತ್ತೇನೆ, ನಿನ್ನ ಕಾಕು, ನನ್ನ ಜಿಜಾ, ಬದುಕಿದ್ದಾಳೆ. ಮೊಣಕಾಲಿಗೆ ಪಟ್ಟಿ ಕಟ್ಟಿಕೊಂಡು ಅಡುಗೆಮನೆಯಲ್ಲಿ ಕುಳಿತಿದ್ದಾಳೆ. ಹೀಗೆ ಶುರುವಾಗುವ ಪತ್ರದಲ್ಲಿ ಏನೋ ಕೆಟ್ಟದ್ದಿದೆ ಎಂದು ನಿನಗೆ ಗೊತ್ತಾಗುತ್ತದೆ, ಓದಿದವಳು ನೀನು. ಆದರೆ ಪೂರ್ತಿ ಓದುವ ತನಕ ನಿಮ್ಮಪ್ಪನಿಗೆ ಫೋನ್ ಮಾಡಬೇಡ. ಸಂಘಪಾಲ ಅಣ್ಣ ಮೊದಲು ಬೈದು ಆಮೇಲೆ ವಿಷಯ ಕೇಳುವ ಮನುಷ್ಯ.

ನೀನು ಕೇಳಿದ್ದು ವರದಿ. ಎಲ್ಲಿಯೂ ಬರೆದಿಡದ, ಆದರೂ ಎಲ್ಲರೂ ಪಾಲಿಸುವ ಸಣ್ಣಪುಟ್ಟ ರೂಢಿಗಳನ್ನು ಮಂದಿಯ ನಡುವೆ ಮುರಿಯಬೇಕು, ಜನರ ಮುಖ ಹೇಗಾಗುತ್ತದೆ ನೋಡಬೇಕು, ಕಂಡದ್ದನ್ನು ಕೈಯಿಂದಲೇ ಬರೆದು ಕೊಡಬೇಕು, ಆದರೆ ಯಾರಿಗೂ ನೋವಾಗಬಾರದು ಎಂದು ನಿಮ್ಮ ಸಮಾಜಶಾಸ್ತ್ರದ ಸರ್ ಹೇಳಿದ್ದಾರಂತೆ. ನಿನಗೆ ನಾಚಿಕೆಯಾಗಿ ನನಗೆ ಹೇಳಿದೆ. ಸರಿಯಾದ ಮನುಷ್ಯನನ್ನೇ ಹಿಡಿದೆ ಬಿಡು. ಖಟಕ ಚಿಂಚೋಳಿ ಸಾಲೆಯಲ್ಲಿ ಏಳನೇ ಇಯತ್ತೆ ತನಕ ನಾನು ಬೆಂಚಿನ ಮೇಲೆ ಕುಳಿತದ್ದಕ್ಕಿಂತ ನಿಂತದ್ದೇ ಹೆಚ್ಚು. ಈಗ ಇಲ್ಲೇ ಕೊಳಾರದ ಗೋದಾಮಿನಲ್ಲಿ ಮೂಟೆ ಹೊರುವ ಹಮಾಲರ ಮೇಲಿನ ಮುಕಾದಮ. ನಾನು ಒಮ್ಮೆ ಕೆಮ್ಮಿದರೆ ಲಾರಿ ಡ್ರೈವರ್ ಬೀಡಿ ಆರಿಸುತ್ತಾನೆ. ಮಂದಿಗೆ ಅಂಜುವ ಗಿರಾಕಿ ನಾನಲ್ಲ.

ಮೊದಲನೆಯ ಪ್ರಯೋಗ ಭಾಲ್ಕಿಯಲ್ಲಿ. ಬಸ್ ನಿಲ್ದಾಣದ ಹತ್ತಿರದ ಹೋಟೆಲಿನಲ್ಲಿ ಗಡ್ಡದ ಹಿರಿಯರೊಬ್ಬರು ಒಬ್ಬರೇ ಭಜಿ ತಿನ್ನುತ್ತಿದ್ದರು. ನನಗೆ ಪರಿಚಯವಿಲ್ಲ. ಎದುರಿಗೆ ಕುಳಿತು, ಒಂದು ಮಾತೂ ಆಡದೆ, ಅವರ ಪ್ಲೇಟಿನಿಂದ ಒಂದು ಭಜಿ ಎತ್ತಿ ಬಾಯಿಗೆ ಹಾಕಿಕೊಂಡೆ. ಪಕ್ಕದ ಮೇಜಿನವನ ಚಹಾ ತುಟಿಯ ಹತ್ತಿರವೇ ನಿಂತುಬಿಟ್ಟಿತು. ಗಲ್ಲಾದ ಮೇಲಿದ್ದವನು ಎದ್ದು ನಿಂತ. ಏಟು ಬೀಳುತ್ತದೆಂದು ನಾನು ಕೆನ್ನೆ ಬಿಗಿಹಿಡಿದುಕೊಂಡೇ ಎರಡನೆಯ ಭಜಿಗೆ ಕೈ ಹಾಕಿದೆ. ಹಿರಿಯರು ನನ್ನನ್ನು ಮೇಲಿಂದ ಕೆಳಗೆ ನೋಡಿ ಪ್ಲೇಟನ್ನೇ ನನ್ನ ಕಡೆ ಸರಿಸಿದರು.

"ಖಾವ್ ಭಾಯ್, ಶರಮಾವ್ ನಕ್ಕೋ," ಅಂದವರು ನನಗೆ ತಿಳಿಯಲಿಲ್ಲವೆಂದುಕೊಂಡು ಕನ್ನಡದಲ್ಲೂ ಹೇಳಿದರು. "ನಾಚಬ್ಯಾಡ್ರಿ, ತಿನ್ರಿ. ಮನ್ಯಾಗ ಜಗಳ ಆಗ್ಯದೇನ್ರಿ? ಹೆಂಡ್ತಿ ಮ್ಯಾಲಿನ ಸಿಟ್ಟ ಹೊಟ್ಟಿ ಮ್ಯಾಲ ತೀರಿಸಬ್ಯಾಡ್ರಿ."

ಖಾಜಾ ಮಿಯಾ ಅಂತ ಅವರ ಹೆಸರು. ಜಗಳವಾಗಿಲ್ಲ ಎಂದು ಆಣೆ ಮಾಡಿದರೂ ನಂಬಲಿಲ್ಲ. ಇನ್ನೊಂದು ಪ್ಲೇಟ್ ತರಿಸಿ, ಮುನಿದ ಹೆಂಡತಿಯನ್ನು ಹೇಗೆ ಮಾತನಾಡಿಸಬೇಕೆಂದು ನನ್ನ ಬಸ್ ಬರುವ ತನಕ ಪಾಠ ಹೇಳಿದರು. ಅವರನ್ನು ಬೆಚ್ಚಿಬೀಳಿಸಲು ಹೋಗಿ ನಾನೇ ಬೆಚ್ಚಿಬಿದ್ದೆ. ನೀನು ಹಾಗೆ ಬರೆಯಬೇಡ. 'ಪ್ರಯೋಗ ಯಶಸ್ವಿ' ಅಂತ ಬರೆ.

ಎರಡನೆಯದು ಔರಾದಿನಲ್ಲಿ. ಬಸ್ ಇನ್ನೂ ನಿಂತಿರುವುದಿಲ್ಲ, ಕಿಟಕಿಯಿಂದ ಟಾವೆಲ್, ಕೈಚೀಲ, ಟೋಪಿ ಒಳಗೆ ಬೀಳುತ್ತವೆ. ಯಾರ ಟಾವೆಲ್ ಬಿತ್ತೋ ಅವರ ಸೀಟು. ಈ ಕಾಯಿದೆಯನ್ನು ಯಾವ ಸರಕಾರವೂ ಮಾಡಿಲ್ಲ, ಯಾರೂ ಮುರಿದೂ ಇಲ್ಲ. ನಾನು ಎಲ್ಲರಿಗಿಂತ ಮೊದಲು ನುಗ್ಗಿ, ಬಿದ್ದ ಟಾವೆಲ್‌ಗಳನ್ನೆಲ್ಲ ಒಂದೊಂದಾಗಿ ಎತ್ತಿ, ಒಗೆದ ಬಟ್ಟೆಯಂತೆ ಮಡಚಿ, ಬಾನೆಟ್ ಮೇಲೆ ಒಟ್ಟಿ, ಕಿಟಕಿಯ ಪಕ್ಕ ಕುಳಿತುಬಿಟ್ಟೆ. ಮದುವೆ ಮನೆಯಲ್ಲಿ ದಾಗೀನ ಕಳೆದಂತೆ ಕೂಗೆದ್ದಿತು.

"ನನ್ನ ಟಾವೆಲ್ ಯಾಂವ ಎತ್ತಿದಾಂವ?"

"ನಾ ಎತ್ತೀನ್ರಿ. ಟಾವೆಲ್ ಟಿಕೇಟ್ ತಗೊಂಡದೇನ್ರಿ?"

ಒಬ್ಬ ಮುದುಕಿ ನನ್ನ ಹಣೆ ಮುಟ್ಟಿ ನೋಡಿ ಕಂಡಕ್ಟರನಿಗೆ ಹೇಳಿದಳು, "ಜ್ವರಾ ಇಲ್ಲೋ ಯಪ್ಪಾ. ಹುಚ್ಚೇ ಇರಬೇಕು."

ನಾಲ್ಕು ಜನ ಸೇರಿ ನನ್ನನ್ನು ಎಬ್ಬಿಸಿದರು. ಬೀದರ ಮುಟ್ಟುವ ತನಕ ಸಲಾಕೆ ಹಿಡಿದು ನಿಂತೇ ಬಂದೆ. ನಡುವೆ ಯಾರೋ ನನ್ನ ಗುರುತು ಹಿಡಿದರು. "ಇಂವಾ ನಮ್ಮೂರ ಅಳಿಯಾ ಅಲ್ಲೇನು? ಜಿಜಾಬಾಯಿ ಗಂಡ!" ಅಲ್ಲಿಂದ ಮುಂದೆ ಇಡೀ ಬಸ್ಸಿಗೆ ಒಂದೇ ಮಾತು, "ಪಾಪ, ನಮ್ಮ ಜಿಜಾ."

ಆ 'ಪಾಪ' ನನಗೆ ಚುಚ್ಚಿತು. ನನ್ನಂಥ ಗಂಡ ಸಿಕ್ಕವಳು ಪಾಪ ಹೇಗಾಗುತ್ತಾಳೆ? ಸರಿ, ಮೂರನೆಯ ಪ್ರಯೋಗಕ್ಕೆ ಅವಳನ್ನೇ ಸೇರಿಸಿಕೊಂಡು ಊರು ಬಾಯಿ ಬಿಡುವಂಥದ್ದು ಮಾಡಬೇಕೆಂದು ನಿಂತಲ್ಲೇ ನಿಶ್ಚಯ ಮಾಡಿದೆ.

ನಮ್ಮ ಕಡೆ ಗಂಡ ಮುಂದೆ, ಹೆಂಡತಿ ಹಿಂದೆ. ಮದುವೆಯಾದ ದಿನದಿಂದ ನಾನು ಭುಜದ ಮೇಲೆ ಟಾವೆಲ್ ಹಾಕಿಕೊಂಡು ಮುಂದೆ ನಡೆದಿದ್ದೇನೆ, ನಿನ್ನ ಕಾಕು ಹಿಂದೆ ಬಂದಿದ್ದಾಳೆ. ಬಂದಳೋ ಇಲ್ಲವೋ ಎಂದು ತಿರುಗಿ ನೋಡಿದ್ದಿಲ್ಲ. ಯಾವಾಗ ನಿಂತರೂ ಹಿಂದೆಯೇ ಇರುತ್ತಿದ್ದಳು. ಈ ಭಾನುವಾರ ಸಂಜೆ ಉಸ್ಮಾನ್‌ಗಂಜ್‌ಗೆ ತರಕಾರಿಗೆ ಹೊರಟಾಗ ಓಣಿಯ ಕೊನೆಯಲ್ಲಿ ನಾನು ನಿಂತುಬಿಟ್ಟೆ.

"ಇವತ್ತ ನೀ ಮುಂದ ನಡಿ. ನಾ ಹಿಂದ ಬರ್ತೇನಿ."

"ಯಾಕ್ರಿ? ಚಪ್ಪಲಿ ಹರಿದದೇನ್ರಿ?"

"ಆಮ್ರಪಾಲಿ ಕಾಲೇಜಿನ ಕೆಲಸ ಅದ. ನಡಿ."

"ಬ್ಯಾಡ್ರಿ. ನನಗ ಆಗಲ್ಲರಿ."

"ಮುಂದ ನಡಿಯಾಕ ಏನ್ ಡಿಗ್ರಿ ಓದಬೇಕೇನು?"

ಅವಳು ನಗಲಿಲ್ಲ. "ನಿಮ್ಮ ಕೈ ಮುಗೀತೇನ್ರಿ, ಹಿಂದೇ ಬರ್ತೇನಿ," ಅಂದಳು. ನಾಚಿಕೆ ಎಂದುಕೊಂಡೆ. ಆಮ್ರಪಾಲಿ, ಅವಳ ಮುಖ ಬಿಳಿಚಿಕೊಂಡಿತ್ತು. ಅದನ್ನೂ ನಾಚಿಕೆ ಎಂದೇ ಎಣಿಸಿದೆ.

ಕಡೆಗೆ ನಡೆದಳು. ಗೋಡೆಗೆ ಅಂಗೈ ತಾಗಿಸಿಕೊಂಡು, ನೆಲವನ್ನು ಕಾಲಿನಿಂದ ತಡವಿ ತಡವಿ, ಹೊಸ ಮದುಮಗಳಂತೆ. ಚೌಬಾರಾ ಗೋಪುರದ ಹತ್ತಿರ ಗಡಿಯಾರ ರಿಪೇರಿ ಮಾಡುವ ಅಬ್ದುಲ ವಾಹೀದ ನಮ್ಮನ್ನು ಕಂಡವನೇ ಕಣ್ಣಿಗೆ ಹಚ್ಚಿಕೊಂಡಿದ್ದ ಭೂತಗಾಜು ತೆಗೆದ.

"ಏನ್ ದತ್ತಾ ಭಾಯ್! ಇವತ್ತ ಡಬ್ಬಿ ಮುಂದ, ಇಂಜಿನ್ ಹಿಂದ!"

ಅಂಗಡಿಯ ಕಟ್ಟೆಯ ಮೇಲಿದ್ದವರೆಲ್ಲ ನಕ್ಕರು. ಬಳೆ ಮಾರುವ ಮಹಮೂದಾ ಬೇಗಂ ಕೈಯಲ್ಲಿದ್ದ ಬಳೆ ಬಿಟ್ಟು ಬಾಗಿಲಿಗೆ ಬಂದು, "ಅಣ್ಣಾ, ನಮ್ಮ ಮನಿಯವರಿಗೂ ಸ್ವಲ್ಪ ಕಲಿಸ್ರಿ," ಅಂದಳು. ನನಗೆ ಬಲು ಖುಷಿ. ಎಡಗಡೆಯ ಮುಖ ನೋಡುತ್ತೇನೆ, ಬಲಗಡೆಯ ಮುಖ ನೋಡುತ್ತೇನೆ, ಯಾರು ಬಾಯಿ ಬಿಟ್ಟರು, ಯಾರು ಮೊಣಕೈಯಿಂದ ಪಕ್ಕದವನನ್ನು ತಿವಿದರು, ಎಲ್ಲ ನಿನಗಾಗಿ ತಲೆಯಲ್ಲಿ ಬರೆದುಕೊಳ್ಳುತ್ತಿದ್ದೇನೆ. ಎದುರಿಗೇ ಇದ್ದ ಬೆನ್ನೊಂದನ್ನು ನೋಡಲಿಲ್ಲ.

ರಸ್ತೆ ದಾಟುವಲ್ಲಿ ಅವಳು ನಿಂತಳು. ವಾಹೀದನ ನಗು ಇನ್ನೂ ಕೇಳುತ್ತಿತ್ತು. ಅವನಿಗೂ ಕೇಳಲೆಂದು ನಾನು ದನಿ ಏರಿಸಿ ಕೂಗಿದೆ, "ನಡೀರಿ ರಾಣೀಸಾಹೇಬ್ರ, ರಸ್ತಾ ಖಾಲಿ ಅದ!"

ರಸ್ತೆಯನ್ನು ನಾನು ನೋಡಿಯೇ ಇರಲಿಲ್ಲ. ನೋಡುತ್ತಿದ್ದದ್ದು ವಾಹೀದನನ್ನು.

ಗಂಡ ಹೇಳಿದ ಮೇಲೆ ಖಾಲಿಯೇ ಇರಬೇಕೆಂದು ಅವಳು ಕಾಲಿಟ್ಟಳು. ಎಡಗಡೆಯಿಂದ ಆಟೋ ಬಂತು. ಅದು ಬಂದ ದಿಕ್ಕಿಗೆ ಅವಳ ಕತ್ತು ಒಂದು ಎಳೆಯಷ್ಟೂ ತಿರುಗಲಿಲ್ಲ. ಆಟೋದ ಕನ್ನಡಿ ಅವಳ ತರಕಾರಿ ಚೀಲಕ್ಕೆ ಸಿಕ್ಕಿ ಎಳೆದು ಅವಳನ್ನು ರಸ್ತೆಗೆ ಕೆಡವಿತು. ಡ್ರೈವರ್ ಕರ್ರೆಂದು ಬ್ರೇಕ್ ಒತ್ತಿ, ಎಲ್ಲ ಡ್ರೈವರ್‌ಗಳೂ ಕೂಗುವುದನ್ನೇ ಕೂಗಿದ, "ಏ ಅವ್ವಾ! ಕಣ್ಣ ಕಾಣಲ್ಲೇನು?"

ಈ ಮಾತಿಗೆ ಯಾರಾದರೂ ಉತ್ತರ ಕೊಟ್ಟದ್ದನ್ನು ನೀನು ಕೇಳಿದ್ದೀಯಾ? ತಿರುಗಿ ಬೈಯುತ್ತಾರೆ, ಇಲ್ಲ ಸೆರಗು ಝಾಡಿಸಿಕೊಂಡು ಹೋಗುತ್ತಾರೆ. ನಿನ್ನ ಕಾಕು ರಸ್ತೆಯ ನಡುವೆ ಕುಳಿತಲ್ಲಿಂದಲೇ ದನಿ ಬಂದ ಕಡೆ ಮುಖ ಎತ್ತಿದಳು. ಆ ಮುಖ ಡ್ರೈವರ್ ಕಡೆಗಿರಲಿಲ್ಲ, ಅವನ ಪಕ್ಕದ ಖಾಲಿ ಜಾಗದ ಕಡೆಗಿತ್ತು. ಅಂಗಡಿಯವನಿಗೆ ಉಪ್ಪು ಇದೆಯೇ ಇಲ್ಲವೇ ಹೇಳುವಷ್ಟು ಸಹಜವಾಗಿ ಹೇಳಿದಳು:

"ಇಲ್ಲ ಯಪ್ಪಾ, ಕಾಣಲ್ಲ."

ಹಾರ್ನ್‌ಗಳು ನಿಂತವು. ವಾಹೀದನ ನಗು ನಿಂತಿತು. ಮಹಮೂದಾ ಬೇಗಂ ಎರಡೂ ಕೈ ಬಾಯಿಗೆ ಒಯ್ದಳು. ಆಟೋದ ಹುಡುಗ, ನದೀಮ ಅಂತ, ಇಳಿದು ಬಂದವನು ಅಳುವ ಹಾಗಾಗಿದ್ದ. "ಮಾಫ್ ಮಾಡ್ರಿ ಅವ್ವಾ, ನಾ ಖರೇ ಕೇಳಿಲ್ಲರಿ, ಸುಮ್ನ ಬಾಯಿಗಿ ಬಂದಿದ್ದ ಅಂದೆ," ಎಂದು ಮತ್ತೆ ಮತ್ತೆ ಅನ್ನುತ್ತಿದ್ದ. ಅವಳನ್ನು ಎತ್ತಿದವನೂ ಅವನೇ. ನಾನು ನಿಂತಲ್ಲೇ ನಿಂತಿದ್ದೆ. ಕೊಳಾರದಲ್ಲಿ ಒಮ್ಮೆ ಮೂಟೆಗಳ ಥಪ್ಪಿ ನನ್ನ ಮಗ್ಗುಲಿಗೇ ಕುಸಿದಿತ್ತು. ಅಂದೂ ನನ್ನ ಕಾಲು ಹೀಗೆ ನೆಲಕ್ಕೆ ಅಂಟಿರಲಿಲ್ಲ.

ಸೋಮವಾರ ಕಣ್ಣಿನ ಡಾಕ್ಟರರ ಹತ್ತಿರ ಹೋದೆವು. ಅರ್ಧ ಗಡಿಗೆಯಂಥ ಯಂತ್ರದ ಮುಂದೆ ಅವಳನ್ನು ಕೂರಿಸಿ ಕೈಗೆ ಒಂದು ಗುಂಡಿ ಕೊಟ್ಟರು. ಅದರೊಳಗೆ ಅಲ್ಲಲ್ಲಿ ಬೆಳಕು ಮಿನುಗುತ್ತದೆ, ಕಂಡಾಗ ಒತ್ತಬೇಕು. ನಾನು ಗೋಡೆಗೆ ಒರಗಿ ಆ ಗುಂಡಿಯ ಸದ್ದಿಗೆ ಕಿವಿಗೊಟ್ಟು ನಿಂತೆ. ಸದ್ದು ಬರಲೇ ಇಲ್ಲ. ಯಂತ್ರ ಕೆಟ್ಟಿದೆಯೇನೋ ಎಂದುಕೊಂಡೆ. ಆಮೇಲೆ ಒಮ್ಮೆ ಟಕ್ ಅಂದಿತು. ಮತ್ತೆ ಎಷ್ಟೋ ಹೊತ್ತು ಏನೂ ಇಲ್ಲ.

ಕಣ್ಣಿನೊಳಗಿನ ಒತ್ತಡ ಏರಿ ನರ ಒಣಗಿದೆಯಂತೆ. ಕಣ್ಣಿಗೆ ಕೊಳವೆ ಇಟ್ಟುಕೊಂಡು ನೋಡಿದಂತೆ, ನಟ್ಟನಡುವಿನ ಒಂದಿಷ್ಟು ಕಾಣುತ್ತದೆ, ಸುತ್ತಲಿನದು ಏನೂ ಕಾಣುವುದಿಲ್ಲ. "ಇಷ್ಟರಾಗ ಬಜಾರದಾಗ ಹ್ಯಾಂಗ ಅಡ್ಡಾಡ್ತಿದ್ರಿ ಅವ್ವಾ?" ಎಂದು ಡಾಕ್ಟರರೇ ಬೆರಗಾಗಿ ಕೇಳಿದರು.

"ಇವರ ಬಿಳಿ ಅಂಗಿ ನೋಡ್ಕೋತ ಹೋಗ್ತೇನ್ರಿ. ಅದು ನಿಂತ್ರ ನಿಂದರ್ತೇನಿ, ನಡದ್ರ ನಡೀತೇನಿ."

ಪ್ರತಿ ಹಬ್ಬಕ್ಕೂ ನನಗೆ ಬಿಳಿ ಬಟ್ಟೆಯೇ ಬೇಕೆಂದು ಅವಳು ಹಟ ಹಿಡಿಯುತ್ತಿದ್ದಳು. ಬಿಳಿ ಅಂಗಿಯಲ್ಲಿ ನಾನು ಪುಢಾರಿಯಂತೆ ಕಾಣುತ್ತೇನೆ, ಹೆಂಡತಿಗೆ ಅದರದೇ ಹೆಮ್ಮೆ ಎಂದು ಗೋದಾಮಿನಲ್ಲಿ ಎಲ್ಲರ ಮುಂದೆ ಹೇಳಿಕೊಂಡಿದ್ದೇನೆ.

ಹೋದ ನೋಟ ಮರಳುವುದಿಲ್ಲ. ಉಳಿದಿರುವುದನ್ನು ಉಳಿಸಿಕೊಳ್ಳಬೇಕಾದರೆ ದಿನಾ ಮುಂಜಾನೆ, ರಾತ್ರಿ ಕಣ್ಣಿಗೆ ಔಷಧಿಯ ಹನಿ ಹಾಕಲೇಬೇಕು. ಬಿಟ್ಟರೆ ಅದೂ ಹೋಗುತ್ತದೆ ಎಂದು ಡಾಕ್ಟರರು ಎರಡೆರಡು ಸಲ ಹೇಳಿದರು. ನಾನು ಎಲ್ಲ ವ್ಯವಸ್ಥೆ ಮಾಡಿದ್ದೇನೆ, ನೀನು ಚಿಂತೆ ಮಾಡಬೇಡ. ಇನ್ನು ಮೇಲೆ ಅವಳು ಹೊಸ್ತಿಲು ದಾಟುವುದಿಲ್ಲ. ಬಜಾರ, ಗಿರಣಿ, ನೀರು, ಎಲ್ಲ ನಾನೇ. ಕುಳಿತಲ್ಲಿಗೇ ತಾಟು ಬರುತ್ತದೆ. ರಾಣಿಯಂತೆ ಇಡುತ್ತೇನೆ. ಕಾಕು ಒಪ್ಪಿದ್ದಾಳೆ.

ನಿಮ್ಮ ಸರ್‌ಗೆ ಮೊದಲಿನ ಎರಡನ್ನಷ್ಟೇ ಕೊಡು. ಯಾರಿಗೂ ನೋವಾಗಬಾರದೆಂದು ಅವರು ಹೇಳಿದ್ದರಲ್ಲ, ಮೂರನೆಯದು ಆ ಲೆಕ್ಕಕ್ಕೆ ಬರುವುದಿಲ್ಲ.

ನಿನ್ನ

ದತ್ತಾತ್ರಿ ಕಾಕಾ

ತಾ.ಕ.: ಗುರುವಾರ. ಲಕೋಟೆ ಅಂಟಿಸುವ ಮೊದಲು ಕಾಕುಗೆ ಪತ್ರ ಓದಿ ಹೇಳಿದೆ. 'ಕಾಕು ಒಪ್ಪಿದ್ದಾಳೆ' ಅನ್ನುವಲ್ಲಿ ತಡೆದಳು. "ಹುಡುಗಿಗಿ ಸುಳ್ಳ ಬರೀಬ್ಯಾಡ್ರಿ. ಒಪ್ಪಿಲ್ಲ ಅಂತ ಬರೀರಿ."

ಖರೆ ಬರೆಯುತ್ತೇನೆ. ಔಷಧಿ ತಂದಾಗಿನಿಂದ ಅವಳು ಒಂದು ಹನಿಯನ್ನೂ ಹಾಕಿಸಿಕೊಂಡಿರಲಿಲ್ಲ. ನಾನು ಬಾಟಲಿ ಹಿಡಿದು ಬಂದರೆ ಸಾಕು, ಕಣ್ಣು ಗಟ್ಟಿಯಾಗಿ ಮುಚ್ಚಿಕೊಳ್ಳುತ್ತಿದ್ದಳು. ಬೈದೆ, ಬೇಡಿಕೊಂಡೆ, ಯಾಕೆಂದು ಅವಳು ಬಾಯಿ ಬಿಡಲಿಲ್ಲ. ಇವತ್ತು ಪತ್ರ ಕೇಳಿದ ಮೇಲೆ ಬಿಟ್ಟಳು.

"ನಮ್ಮವ್ವಗ ಕಣ್ಣ ಹೋದಾಗ ಔರಾದದಾಗ ಮೂಲ್ಯಾಗ ಕುಂಡ್ರಿಸಿದ್ರು. ಕುಂತಲ್ಲೇ ಊಟ ಕೊಟ್ರು, ನೀರ ಕೊಟ್ರು, ರಾಣಿ ಇಟ್ಟಂಗ ಇಟ್ರು. ಸಾಯೋ ತನಕಾ ಆಕಿ ಬಾಗಿಲಾ ದಾಟಲಿಲ್ಲ. ಅದಕ್ಕೇ ನಿಮ್ಮ ಮುಂದ ಹೇಳಿರಲಿಲ್ಲ. ಮೂಲ್ಯಾಗ ಕುಂಡ್ರಾಕ ನನಗ ಕಣ್ಣರ ಯಾಕ ಬೇಕ್ರಿ?"

ನಾನು ಪತ್ರ ಮಡಚಿಟ್ಟು, ಔಷಧಿಯ ಬಾಟಲಿ ತಂದು ಅವಳ ಎದುರಿಗೆ ಕುಳಿತೆ.

"ಬಜಾರಕ್ಕ ಕರ್ಕೊಂಡ ಹೋಗ್ರಿ, ಹನಿ ಹಾಕಿಸ್ಕೋತೇನಿ. ಹಿಂದ ಬರಲ್ಲ, ಮುಂದ ಹೋಗಲ್ಲ. ಕೈ ಹಿಡ್ಕೊಂಡ ಹೋಗೂನು."

ಈ ವಯಸ್ಸಿನಲ್ಲಿ, ಚೌಬಾರಾದ ಮುಂದೆ, ಗಂಡ ಹೆಂಡತಿ ಕೈ ಕೈ ಹಿಡಿದು! ಮಂದಿ ಏನಂದಾರು ಅಂದೆ. "ಊರ ತುಂಬ ಹುಚ್ಚಾಟ ಆಡೋ ಮನುಷ್ಯಾಗ ಹೆಂಡ್ತಿ ಕೈ ಹಿಡಿಯಾಕ ನಾಚಿಕಿ ಬರ್ತದೇನ್ರಿ?" ಅಂದವಳೇ ಕಣ್ಣರಳಿಸಿ ಮುಖ ಮೇಲೆ ಮಾಡಿದಳು. ಮೊದಲ ಹನಿ ಗಲ್ಲಕ್ಕೆ ಬಿತ್ತು. ಎರಡನೆಯದು ಒಳಗೆ ಹೋಯಿತು.

ಈಗಷ್ಟೇ ಕೈ ಹಿಡಿದುಕೊಂಡೇ ಹೋಗಿ ಬಂದೆವು. ಮೂರನೆಯದನ್ನೂ ನಿಮ್ಮ ಸರ್‌ಗೆ ಕೊಡಬೇಕಂತೆ, ಜಿಜಾಬಾಯಿ ಅಂತ ಹೆಸರು ಹಾಕಿಯೇ ಕೊಡಬೇಕಂತೆ. ಬೇಕಾದರೆ ಇವತ್ತಿನದನ್ನು ನಾಲ್ಕನೆಯದೆಂದು ಸೇರಿಸು. ಆದರೆ ಜನರ ಮುಖ ಹೇಗಾಯಿತೆಂದು ಸರ್ ಕೇಳಿದರೆ ನನಗೆ ಹೇಳಲು ಬರುವುದಿಲ್ಲ. ವಾಹೀದ ಕಟ್ಟೆಯಿಂದ ಏನೋ ಕೂಗಿದ. ಏನೆಂದು ನಾನು ಕೇಳಿಸಿಕೊಳ್ಳಲಿಲ್ಲ. ಎಡಗಡೆಯಿಂದ ಒಂದು ಆಟೋ ಬರುತ್ತಿತ್ತು.