ಬಿಳಿಚಿದ ಹವಳದ ಪರವಾಗಿ ಅರಿಕೆ

ಮನೆಯ ಯಜಮಾನಿಯವರ ಸಮ್ಮುಖಕ್ಕೆ, ಕಿರಿಮಗಳನ್ನು ಈ ಸಮುದ್ರದ ಕೆಲಸ ಬಿಡಿಸಿ ಕರೆತರಲೆಂದು ತಾವು ಕಳುಹಿಸಿದ ತಮ್ಮ ಪತಿಯ ಅರಿಕೆ.

ನಿನ್ನೆ ವೈದ್ಯರ ಒಪ್ಪಿಗೆ ಪಡೆದು, ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು, ಮಗಳ ಕೈ ಹಿಡಿದು ಸಮುದ್ರದೊಳಗೆ ಇಳಿದೆನು. "ಅಪ್ಪಾ, ಕೆಳಗೆ ಮಾತಾಡೋಕಾಗಲ್ಲ. ನಿಮ್ಮ ಉಪದೇಶ ಎಲ್ಲಾ ದೋಣೀಲೇ ಮುಗಿಸ್ಬಿಡಿ" ಎಂದು ಇಳಿಯುವ ಮೊದಲೇ ಹೇಳಿದ್ದಳು. ಬೆಚ್ಚನೆಯ ನೀಲಿಯಲ್ಲಿ ನನ್ನ ಕಾಲುಗಳು ನೆಲವನ್ನೇ ಮರೆತವು. ನನ್ನ ಉಸಿರು ಮುತ್ತುಗಳಾಗಿ ಮೇಲೇರಿತು. ಅವಳು ಎರಡು ವರ್ಷಗಳಿಂದ ಪ್ರತಿ ತಿಂಗಳೂ ಅದೇ ಜಾಗದಲ್ಲಿ ತೇಲುತ್ತ, ಒಂದೇ ಹವಳದ ಚಿತ್ರ ತೆಗೆಯುತ್ತಿದ್ದಾಳೆ. ಬೇಸಿಗೆಯ ಬಿಸಿನೀರಿಗೆ ಅದು ಸುಣ್ಣದಂತೆ ಬಿಳಿಚಿದೆ, ಆದರೆ ಸತ್ತಿಲ್ಲ. ನೀರು ತಣಿದ ಮೇಲೆ ಬಣ್ಣ ಮರಳಬಹುದು, ಮರಳದೆಯೂ ಇರಬಹುದು. ಅವಳು ದೀಪ ಹಾಯಿಸಿದಾಗ ಬುಡದಲ್ಲಿ ಅಂಗೈಯಗಲ ಕೇಸರಿ ಬಣ್ಣ ಉಳಿದಿರುವುದನ್ನು ಕಣ್ಣಾರೆ ಕಂಡೆನು.

ಈಗ ಕರೆತಂದರೆ ಆ ಚಿತ್ರಮಾಲೆ ಅರ್ಧಕ್ಕೇ ನಿಲ್ಲುವುದು. ಆದಕಾರಣ ಚಳಿಗಾಲ ಕಳೆಯುವವರೆಗೆ ಅವಳು ಇಲ್ಲಿರಲು ತಾವು ಅನುಮತಿ ದಯಪಾಲಿಸಬೇಕು.

ನಿನ್ನೆ ನೀರಿನಾಳದಲ್ಲಿ ಮುಚ್ಚಿಕೊಂಡಿದ್ದ ಕಿವಿ ಇಂದು ತೆರೆದಿದೆ. ರಕ್ತದೊತ್ತಡದ ಮಾತ್ರೆಗಳು ಸಾಕಷ್ಟಿವೆ.

ದೋಣಿ ಹೊರಡುತ್ತಿದೆ, ಕರೆಯುತ್ತಿದ್ದಾಳೆ. ಮೇಲ್ಕಂಡ ಅನುಮತಿಯಲ್ಲಿ ನನ್ನನ್ನೂ ಸೇರಿಸಿಕೊಳ್ಳಬೇಕಾಗಿ ವಿನಂತಿ.

ತಮ್ಮ ವಿಧೇಯ,
ಮಕ್ಕಳ ಅಪ್ಪ