ಫೋಟೋಗಷ್ಟೇ ತೆರೆಯುವ ಡಬ್ಬ

ಸೆಪ್ಟೆಂಬರ್ 12, ಶುಕ್ರವಾರ

ಆ ಪುಟ್ಟ ಮುಷ್ಟಿ ಕಣ್ಣ ಮುಂದಿನಿಂದ ಹೋಗುತ್ತಲೇ ಇಲ್ಲ.

ಶುಕ್ರವಾರವೆಂದರೆ 'ಚಟುವಟಿಕೆಯಿಂದ ಕಲಿಕೆ'ಯ ಫೋಟೋವನ್ನು ಶಿಕ್ಷಣ ಇಲಾಖೆಯ ಸಾಹೇಬರಿಗೆ ಕಳಿಸುವ ದಿನ. ಬೀರುವಿನಲ್ಲಿ ಬೀಗ ಹಾಕಿಟ್ಟ ಲೆಕ್ಕದ ಮಣಿಗಳ ಡಬ್ಬ ಹೊರಬರುವುದು ಅಂದು ಮಾತ್ರ. ಮಕ್ಕಳಿಗೂ ಅಭ್ಯಾಸವಾಗಿಬಿಟ್ಟಿದೆ. ನಾನು ಫೋನ್ ಎತ್ತಿದ ಕೂಡಲೇ ಹಲ್ಲು ಕಿರಿಯುತ್ತಾರೆ, ಇಳಿಸಿದ ಕೂಡಲೇ ಮಣಿಗಳನ್ನು ಡಬ್ಬಕ್ಕೆ ಸುರಿಯುತ್ತಾರೆ. ಮೂರು ತರಗತಿಗಳನ್ನು ಒಂದೇ ಕೋಣೆಯಲ್ಲಿ ತುಂಬಿಕೊಂಡು ನಾನು ಕಲಿಸಿದ ವಿದ್ಯೆಗಳಲ್ಲಿ ಎಲ್ಲರಿಗೂ ಚೆನ್ನಾಗಿ ಬಂದಿರುವುದು ಇದೊಂದೇ.

ಇವತ್ತು ಕಿಟಕಿ ಪಕ್ಕದ ಎರಡು ಜಡೆಯವಳು ಮಾತ್ರ ಸುರಿಯಲಿಲ್ಲ. ಕಳೆಯುವ ಲೆಕ್ಕವೆಂದರೆ ಗೊಳೋ ಎಂದು ಅಳುತ್ತಿದ್ದವಳು, ಒಂದೊಂದೇ ಮಣಿಯನ್ನು ಪಕ್ಕಕ್ಕೆ ಸರಿಸುತ್ತ ತುಟಿ ಆಡಿಸುತ್ತಿದ್ದಳು.

"ಫೋಟೋ ಆಯ್ತಲ್ಲ, ಕೊಡಮ್ಮ," ಎಂದೆ.

"ಇರಿ ಮಿಸ್, ಈಗ ಗೊತ್ತಾಗ್ತಾ ಇದೆ!"

ಅಷ್ಟರಲ್ಲಿ ಬಾಗಿಲಲ್ಲಿ ಹೆಡ್‌ಮಾಸ್ಟರು. "ಒಂದು ಮಣಿ ಹೋದ್ರೂ ತಪಾಸಣೆಗೆ ಬಂದೋರಿಗೆ ಉತ್ತರ ಕೊಡೋನು ನಾನು ಮೇಡಂ. ಬೇಗ ಒಳಗಿಡಿ."

ಅವಳು ಮಣಿಗಳನ್ನು ಬಾಚಿ ಮುಷ್ಟಿ ಬಿಗಿದಳು. ನಾನೇ, ಈ ಕೈಯಿಂದಲೇ, ಒಂದೊಂದು ಬೆರಳು ಬಿಡಿಸಿ ಕಿತ್ತುಕೊಂಡೆ. ಅವಳು ಅಳಲೂ ಇಲ್ಲ. ನನ್ನನ್ನೇ ನೋಡಿದಳು.

ಸಂಜೆ ಸಾಹೇಬರಿಂದ ಮೆಸೇಜು: "ಫೋಟೋ ಚೆನ್ನಾಗಿದೆ. ಕಿಟಕಿ ಪಕ್ಕದ ಮಗು ಮಾತ್ರ ಕ್ಯಾಮೆರಾ ನೋಡ್ತಿಲ್ಲ, ಮಣಿ ನೋಡ್ತಾ ಕೂತಿದೆ. ಮುಂದಿನ ವಾರ ಸರಿಪಡಿಸಿ."

ಸರಿಪಡಿಸಬೇಕಂತೆ. ನಾನೋ, "ಆಗಲಿ ಸರ್" ಎಂದು ಕಳಿಸಿಯೂ ಆಯಿತು. ಥೂ, ಈ ಜನ್ಮಕ್ಕಿಷ್ಟು…